ಶನಿವಾರದ ನರ್ಸಬಾಯಿ

ಶಿಗ್ಗಾವಿ
ಶುಕ್ರವಾರ, ೨೫ ಏಪ್ರಿಲ್ ೨೦೨೫

ಪ್ರೀತಿಯ ಪ್ರಭು ಅಣ್ಣಾ,

ಈ ಪತ್ರದಲ್ಲಿ ಒಂದು ಮಾತನ್ನು ಬರೆಯದೇ ಬಿಡಬೇಕೆಂದಿದ್ದೆ. ಮೊನ್ನೆ ಫೋನಿನಲ್ಲಿ ಅದು ನಾಲಿಗೆಯ ತುದಿಗೆ ಬಂದಿತ್ತು. ನೀನು ಅಲ್ಲಿನ ಹಿಮದ ಸುದ್ದಿ ಹೇಳಿದೆ, ನಾನು ಇಲ್ಲಿನ ಹುಣಸೆಹಣ್ಣಿನ ಸುದ್ದಿ ಹೇಳಿ ಇಟ್ಟುಬಿಟ್ಟೆ. ಈಗ ಬರೆಯುತ್ತೇನೆ. ನಮ್ಮ ನರ್ಸಬಾಯಿ ಇನ್ನು ಬಹಳ ದಿನ ಇರುವುದಿಲ್ಲ. ಅವರನ್ನು ಎಲ್ಲಿ ಮಣ್ಣು ಮಾಡಬೇಕೆಂಬುದು ನಿನ್ನ ಮಾತಿನ ಮೇಲೆ ನಿಂತಿದೆ.

ನಿನ್ನ ಮೊಣಕಾಲು ಹೇಗಿದೆ? ದಿನವಿಡೀ ಡೋಜರಿನ ಮೇಲೆ ಕೂತು ಗುಡ್ಡ ಕಡಿಯುವವನಿಗೆ ಎಣ್ಣೆ ತಿಕ್ಕಿಕೋ ಎಂದರೆ ನಗುತ್ತೀಯೇನೋ, ಆದರೂ ತಿಕ್ಕಿಕೋ. ಕಳಿಸಿದ ಶೇಂಗಾ ಚಟ್ನಿ ಅರುಣಾಚಲ ಮುಟ್ಟಿತೇ, ಅಥವಾ ದಾರಿಯಲ್ಲೇ ಯಾರಾದರೂ ಮುಗಿಸಿದರೇ? ನಾನು ಆರಾಮ ಇದ್ದೇನೆ. ಸವಣೂರಿನ ಕಾಲೇಜಿಗೆ ಬೇಸಿಗೆ ರಜೆ. ಬೆಳಗಿನ ಬಸ್ಸಿನ ನೂಕುನುಗ್ಗಲಿನಿಂದ ಬಿಡುಗಡೆ ಸಿಕ್ಕಿದೆ, ಅಷ್ಟೇ ಹೊತ್ತು ಮುಂದಿನ ಕೋಣೆಯಲ್ಲಿ ನರ್ಸಬಾಯಿಯ ಮಂಚದ ಹತ್ತಿರ ಕೂರುತ್ತೇನೆ. ಅವರ ಹೃದಯ ಸೋತಿದೆ. ಮಳೆಗಾಲದವರೆಗೆ ಅಂತ ಹುಬ್ಬಳ್ಳಿಯ ಡಾಕ್ಟರು ಅಂದಾಜು ಹೇಳಿದರು. ಅದನ್ನು ನಾನು ಅವರಿಗೆ ತಿಳಿಸುವ ಪ್ರಸಂಗವೇ ಬರಲಿಲ್ಲ, ಅವರು ಕೇಳಿಸಿಕೊಂಡೇ ಇದ್ದರು. ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡು, “ಡಾಕ್ಟರು ಸ್ವಲ್ಪ ಉದಾರಿ ಅದಾನ” ಅಂದರು.

ನೀನು ಊರು ಬಿಟ್ಟ ಮೇಲೆ ಆದದ್ದನ್ನೆಲ್ಲ ನಾನು ಸರಿಯಾಗಿ ಹೇಳಿಯೇ ಇಲ್ಲ. ನಮಗೆಲ್ಲ ಗೊತ್ತಿದ್ದ ನರ್ಸಬಾಯಿ ಯಾರು? ಹುಲಗೂರು, ಹಾನಗಲ್ಲ, ಹಿರೇಕೆರೂರು ಅಂತ ವರ್ಗವಾದಲ್ಲೆಲ್ಲ ಹೆರಿಗೆ ಮಾಡಿಸಿ, ಕೊನೆಗೆ ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದು, ಯಾವಾಗಲೋ ಬಾಡಿಗೆಯವರಲ್ಲದೇ ಹೋದವರು. ಶುಕ್ರವಾರ ಸಂಜೆ ಎರಡು ದೀಪ ಹಚ್ಚುತ್ತಿದ್ದರು, ಶನಿವಾರ ಒಲೆ ಹಚ್ಚುತ್ತಿರಲಿಲ್ಲ. ಓಣಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಪ್ಪ. ಅವ್ವ ಪ್ರತಿ ಶನಿವಾರ ಹನುಮಪ್ಪನ ಗುಡಿಯಿಂದ ಬರುವಾಗ ಒಂದು ಹೋಳು ಕಾಯಿ ಅವರ ಕೈಗಿಟ್ಟೇ ಒಳಗೆ ಬರುತ್ತಿದ್ದಳು. ಅವರು ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ಯುಗಾದಿ ಆದಮೇಲೆ ಒಂದು ವಾರ ಗೋಧಿ ಒಲ್ಲೆ ಅಂದರೆ ಅದೂ ಒಂದು ವ್ರತ ಅಂತ ಅವ್ವ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಅವರ ಹೆಸರು ರಿಬ್ಕಾಬಾಯಿ ಚೆವುಲ್ಕರ ಅಂತ ಗೊತ್ತಿತ್ತು. ಯಾವ ಮಂದಿ ಅಂತ ಕೇಳುವ ಪ್ರಮೇಯ ಯಾರಿಗೂ ಬರಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿ ಜಗತ್ತಿನ ಧರ್ಮಗಳ ಪಾಠ ಬಾಯಿಪಾಠ ಮಾಡಿದ ನಾನೂ ಕೇಳಲಿಲ್ಲ.

ಅಪ್ಪ ತೀರಿದ ಮರುವರ್ಷ ಠಾಣೆಯಿಂದ ಹನ್ನಾಬಾಯಿ ಅನ್ನುವವರು ಬಂದರು. ಅಲ್ಲಿನ ಯಹೂದಿ ಸಮಾಜದ ಸೇವಾ ಸಂಸ್ಥೆಯವರು. ಅವರ ಹಿರಿಯರು ಕೊಂಕಣದಲ್ಲಿ ಎಣ್ಣೆಗಾಣ ನಡೆಸಿದವರಂತೆ, ಶನಿವಾರ ಗಾಣ ಕಟ್ಟದ ಕಾರಣ ‘ಶನಿವಾರದ ಗಾಣಿಗರು’ ಅಂತಲೇ ಹೆಸರಾದವರಂತೆ. ಠಾಣೆಯಲ್ಲಿ ನರ್ಸಬಾಯಿಯ ದೂರದ ತಂಗಿ ತೀರಿಕೊಂಡಾಗ ದುಃಖದ ಮನೆಯಲ್ಲಿ ಯಾರೋ, ನಮ್ಮ ರಿಬ್ಕಾ ಒಬ್ಬಳು ಕರ್ನಾಟಕದಲ್ಲಿ ಎಲ್ಲೋ ಉಳಿದಳಲ್ಲ ಅಂದರಂತೆ. ಅಷ್ಟೇ ಮಾತು ಹಿಡಿದು ಹುಡುಕುತ್ತ ಬಂದಿದ್ದರು. ನನಗೆ ಅನುಮಾನ ಬಂತು. ಈ ಮುದುಕಿಯಿಂದ ಇವರಿಗೆ ಏನು ಬೇಕು? ಬಾಗಿಲಲ್ಲೇ ನಿಲ್ಲಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದೆ. ಅವರು ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟು, ಒಳಗೆ ಬಂದು, ಮೊದಲು ನೋಡಿದ್ದು ನರ್ಸಬಾಯಿಯ ಚಪ್ಪಲಿಯ ತಳ. ಸವೆದಿದೆಯೋ, ಜಾರುತ್ತದೆಯೋ ಅಂತ. ಆಮೇಲೆ ಬಚ್ಚಲದ ಕಲ್ಲು, ಮಂಚದಿಂದ ಲೈಟಿನ ಸ್ವಿಚ್ಚಿಗೆ ಕೈ ಎಟಕುತ್ತದೆಯೋ ಅನ್ನುವುದು. ಹೋಗುವ ಮುಂಚೆ ನಮ್ಮ ಗೌಂಡಿ ಉಳಿವೆಪ್ಪನನ್ನು ಕರೆಸಿ ಬಚ್ಚಲದ ಗೋಡೆಗೆ ಹಿಡಿಕೆ ಕೂರಿಸಿದರು. ದಿನಾ ಅದೇ ಬಚ್ಚಲಕ್ಕೆ ಹೋಗುವ ನನಗೆ ಅದು ಯಾಕೆ ಹೊಳೆದಿರಲಿಲ್ಲ ಅಂತ ಎಷ್ಟೋ ದಿನ ಯೋಚಿಸಿದೆ.

ಅವತ್ತೇ ಪಕ್ಕದ ಮನೆಯ ಫಕ್ಕೀರವ್ವ ಚಹಾ ತಂದು, ಹೆಮ್ಮೆಯಿಂದ ಅವರಿಗೆ ಹೇಳಿದಳು: “ನಮ್ಮ ಬಾಯಾರು ಹನುಮಪ್ಪನ ವಾರ ಒಂದೂ ತಪ್ಪಿಸಿಲ್ಲ ನೋಡ್ರಿ.” ನರ್ಸಬಾಯಿ ಅದನ್ನು ಮರಾಠಿಗೆ ತಿರುಗಿಸಿ ಹೇಳಿದ್ದೇ ತಡ, ಹನ್ನಾಬಾಯಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನಾನು ಕೇಳಿದಾಗ ನರ್ಸಬಾಯಿ, “ಹನುಮಪ್ಪ ತಕರಾರ ಮಾಡಲಿಲ್ಲ, ನಮ್ಮ ದೇವರೂ ಮಾಡಲಿಲ್ಲ. ನಡುವ ನಾ ಯಾಕ ಮಾಡ್ಲಿ?” ಅಂದರು.

ಆವತ್ತಿನಿಂದ ಠಾಣೆಯ ಫೋನು ಪ್ರತಿ ಶುಕ್ರವಾರ ದೀಪಕ್ಕೆ ಮುಂಚೆ ಬರುತ್ತದೆ. ಔಷಧ ಬಂತೇ, ನಿದ್ದೆ ಬಂತೇ, ಈ ವಾರ ಯಾರ ಮೇಲೆ ಸಿಟ್ಟು ಬಂತು, ಎಲ್ಲ ಕೇಳುತ್ತಾರೆ. ಯುಗಾದಿಯ ನಂತರ ಅವರ ಹಬ್ಬಕ್ಕೆ ಹುಳಿ ಸೇರದ ತೆಳ್ಳನೆಯ ರೊಟ್ಟಿಯ ಪಾರ್ಸಲ್ ಬರುತ್ತದೆ. ವರ್ಷಕ್ಕೆರಡು ಸಲ ಹನ್ನಾಬಾಯಿ ರೈಲು ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ನಮ್ಮ ಬಸ್ಸಿನಲ್ಲಿ ನಿಂತುಕೊಂಡು ಶಿಗ್ಗಾವಿಗೆ. ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಅವರ ಮಂದಿ ಅಂದರೆ ನರ್ಸಬಾಯಿ ಒಬ್ಬರೇ. ಒಬ್ಬರಿಗಾಗಿ ಇಷ್ಟು ದೂರವೇ ಅಂತ ಒಮ್ಮೆ ಕೇಳಿಯೇಬಿಟ್ಟೆ. “ನಮ್ಮಲ್ಲಿ ಸಭೆಯ ಪ್ರಾರ್ಥನೆಗೆ ಹತ್ತು ಜನ ಬೇಕು, ಸೇವೆಗೆ ಒಬ್ಬರಿದ್ದರೆ ಸಾಕು” ಅಂದು ತಮ್ಮ ಚೀಲದಲ್ಲಿ ಕನ್ನಡಕ ಹುಡುಕತೊಡಗಿದರು. ಅವರಿಗೆ ಅದು ದೊಡ್ಡ ಮಾತೇ ಅಲ್ಲ. ಅಣ್ಣಾ, ನಾನು ಮಾತ್ರ ಬಹಳ ಹೊತ್ತು ಬಚ್ಚಲದ ಆ ಹಿಡಿಕೆಯನ್ನೇ ನೋಡುತ್ತ ನಿಂತಿದ್ದೆ.

ಈ ಸಲ ಅವರ ಹಬ್ಬ ಮುಗಿದ ಕೂಡಲೇ ಬಂದರು. ಠಾಣೆಯಲ್ಲಿ ವೃದ್ಧರ ಮನೆ ಇದೆ, ಡಾಕ್ಟರಿದ್ದಾರೆ, ನಮ್ಮವರಿದ್ದಾರೆ, ಬಾ ಎಂದರು. ನರ್ಸಬಾಯಿ ತಲೆ ಅಲ್ಲಾಡಿಸಿದರು. “ಠಾಣೇದಾಗ ನನ್ನ ಮಂದಿ ಅದಾರ, ಖರೆ. ಇಲ್ಲೆ ಹುಟ್ಟೂಮುಂದ ನಾ ಹಿಡದ ಮಂದಿ ಅದಾರ.” ಹನ್ನಾಬಾಯಿ ಒತ್ತಾಯ ಮಾಡುತ್ತಾರೆ, ನಾನು ನಡುವೆ ಮಾತಾಡಬೇಕಾಗುತ್ತದೆ ಅಂದುಕೊಂಡಿದ್ದೆ. ಅವರು ಮಾತ್ರ, ಹಾಗಾದರೆ ಇಲ್ಲೇ ಇರಲು ಏನೇನು ಬೇಕು ಹೇಳು ಎಂದರು. ಒಬ್ಬರ ಇಚ್ಛೆಗೆ ಇಷ್ಟು ಸಲೀಸಾಗಿ ದಾರಿ ಬಿಡುವವರನ್ನು ನಾನು ನೋಡಿರಲಿಲ್ಲ. ನರ್ಸಬಾಯಿ ಎರಡೇ ಕೇಳಿದರು: ತಮ್ಮ ಪದ್ಧತಿಯಂತೆ ಕೊನೆಯ ಸ್ನಾನ, ಮತ್ತು ಮಲಗಲು ಇಲ್ಲಿಯ ಮಣ್ಣು.

ಸ್ನಾನದ ಕಷ್ಟ ಇದು. ಅವರಲ್ಲಿ ಹೆಣ್ಣಿಗೆ ಹೆಂಗಸರೇ ಮಾಡಿಸಬೇಕು, ತಡಮಾಡದೇ ಮಣ್ಣು ಮಾಡಬೇಕು. ಠಾಣೆಯ ಹೆಂಗಸರು ಬಂದು ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತದೆ. ಹನ್ನಾಬಾಯಿ ತಮ್ಮ ಹಿರಿಯರನ್ನು ಕೇಳಿಕೊಂಡೇ ಬಂದಿದ್ದರು. ನಮ್ಮವರು ಇಲ್ಲದ ಕಡೆ ಗೌರವದಿಂದ ಮಾಡುವ ಕೈ ಯಾವುದಿದ್ದರೂ ನಡೆಯುತ್ತದೆ, ನೀವು ಕಲಿಯುತ್ತೀರಾ ಅಂದರು. ಫಕ್ಕೀರವ್ವ ನನಗಿಂತ ಮೊದಲೇ ಸೆರಗು ಸಿಕ್ಕಿಸಿದಳು. ಅಷ್ಟೇ ಅಲ್ಲ, ಕಲಿಯಲು ಹೆಣ ಬೇಕಲ್ಲ ಅಂತ ಹಲಗೆಯ ಮೇಲೆ ತಾನೇ ಮಲಗಿದಳು. ಬದುಕಿರುವ ನರ್ಸಬಾಯಿಯ ಮುಂದೆ ಇದೆಲ್ಲ ಬೇಡ ಅಂತ ಹನ್ನಾಬಾಯಿ ಬಾಗಿಲು ಮುಂದೆ ಮಾಡಹೋದರು. ಮಂಚದ ಮೇಲಿಂದ ದನಿ ಬಂತು: “ತಗದ ಇಡ್ರಿ. ನನ್ನ ಕೆಲಸ ಹೆಂಗ ಮಾಡ್ತೀರಿ ನಾ ನೋಡಬ್ಯಾಡೇನು?”

ಹೇಗೆ ಬರೆಯಲಿ? ಮೈ ಪೂರ್ತಿ ಬಿಚ್ಚಿಡಬಾರದು, ತೊಳೆಯುವ ಭಾಗ ಮಾತ್ರ ತೆರೆದು ಮತ್ತೆ ಮುಚ್ಚಬೇಕು. ದೇಹದ ಮೇಲಿಂದ ಏನನ್ನೂ ದಾಟಿಸಿ ಕೊಡಬಾರದು, ಸುತ್ತಿ ಹೋಗಿ ಕೊಡಬೇಕು. ನೀರಿನ ಧಾರೆ ಕಡಿಯಬಾರದು. ಉಡಿಸುವ ಬಿಳಿ ಅರಿವೆಗೆ ಕಿಸೆ ಇಲ್ಲ, ಗಂಟಿಲ್ಲ. ಎಲ್ಲ ಮುಗಿದ ಮೇಲೆ ಸತ್ತವರ ಹೆಸರು ಹಿಡಿದು, ನಮ್ಮ ಕೈಯಿಂದ ನಿಮಗೆ ಅಗೌರವ ಆಗಿದ್ದರೆ ಕ್ಷಮಿಸಿ ಎನ್ನಬೇಕು. ಸತ್ತವರು ತಿರುಗಿ ಉಪಕಾರ ಮಾಡಲಾರರು, ಆದ್ದರಿಂದ ಇದೇ ನಿಜವಾದ ದಯೆ ಅಂತ ಅವರ ನಂಬಿಕೆ. ಮಲಗಿದ್ದ ಫಕ್ಕೀರವ್ವ ಕಣ್ಣು ತೆರೆದು, “ಸತ್ತಮ್ಯಾಲೆ ಕೇಳೂದ ಛಲೋರಿ. ಬದುಕಿದ್ದಾಗ ಕೇಳಿದ್ರ ಎದ್ದು ಬೈತಾರ” ಅಂದಳು. ಎಲ್ಲರೂ ನಕ್ಕೆವು. ನಗುತ್ತಲೇ ನಾನು ಅವಳ ತಲೆ ಎತ್ತಿದಾಗ ನರ್ಸಬಾಯಿ ಗದರಿದರು: “ಶೈಲಾ, ಕುತ್ತಿಗಿ ಬಿಡಬ್ಯಾಡ. ಈಗ ಹುಟ್ಟಿದ ಕೂಸಿನ ಹಿಡದಂಗ ಹಿಡಿ.” ನನ್ನ ಕೈ ಸರಿಹೋಯಿತು. ನಮ್ಮನ್ನೆಲ್ಲ ಮೊದಲ ಸಲ ಮೀಯಿಸಿದವರು ತಮ್ಮನ್ನು ಕೊನೆಯ ಸಲ ಮೀಯಿಸುವುದನ್ನು ನಮಗೆ ಕಲಿಸುತ್ತಿದ್ದರು.

ಇನ್ನು ಮಣ್ಣು. ತಡಸದ ನಮ್ಮ ಹೊಲದಲ್ಲಿ ಬೇವಿನ ಗಿಡದ ಮೂಡಲಿಗೆ ಅಪ್ಪ, ಅವ್ವ ಇದ್ದಾರೆ. ಪಡುವಲಿಗೆ ಜಾಗ ಖಾಲಿ ಇದೆ. ಗುದ್ಲೆಪ್ಪ ಕಾಕಾ ಒಪ್ಪಲಿಲ್ಲ. ಮಂಚದ ಮುಂದೆಯೇ ನಿಂತು, “ನಮ್ಮವರನ್ನ ಕುಂದ್ರಿಸಿ ಮಣ್ಣ ಮಾಡ್ತೇವ್ರಿ, ನಿಮ್ಮವರನ್ನ ಮಲಗಿಸಿ. ಒಂದ ಹೊಲದಾಗ ಹೆಂಗ ಹೊಂದತೈತ್ರಿ ಬಾಯಾರ?” ಅಂದ. ನರ್ಸಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಗುದ್ಲೆಪ್ಪ, ನಿನ್ನ ಹೇಣ್ತಿ ಮೊದಲನೇದು ಕುಂತ ಹಡದ್ಳು, ಎರಡನೇದು ಮಲಗಿ ಹಡದ್ಳು. ಎರಡೂ ಒಂದ ಮನ್ಯಾಗ ಬೆಳದ್ವೋ ಇಲ್ಲೋ?” ಅಂದರು. ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಬಾಗಿಲು ದಾಟುವಾಗ ನನಗೆ ಮಾತ್ರ ಕೇಳುವಂತೆ, “ಹೊಲ ಪ್ರಭೂಂದು. ಅಂವ ಹೂಂ ಅಂದ್ರ ನಾ ಅಡ್ಡ ಬರಂಗಿಲ್ಲ” ಅಂದ. ಆದ್ದರಿಂದ ಕೇಳುತ್ತಿದ್ದೇನೆ. ನಿನ್ನ ಪರವಾಗಿ ನಾನೇ ಹೂಂ ಅಂದುಬಿಡಬಹುದಿತ್ತು, ನೀನು ಬೈಯುತ್ತಲೂ ಇರಲಿಲ್ಲ. ಆದರೆ ಇಷ್ಟು ದೂರದಿಂದ ಬಂದವರು ಪ್ರತಿಯೊಂದನ್ನೂ ಕೇಳಿಯೇ ಮಾಡುವುದನ್ನು ನೋಡಿದ ಮೇಲೆ ನನಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಕಾಕಾ, ಫಕ್ಕೀರವ್ವ ನಿನ್ನನ್ನು ಕೇಳಿದ್ದಾರೆ. ತಣ್ಣನೆಯ ನೀರಿನಲ್ಲಿ ಸ್ನಾನ ಮಾಡಬೇಡ. ಗುಡ್ಡದ ಅಂಚಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಅವ್ವನನ್ನು ನೆನೆದು ತೆಗೆ. ನಿನ್ನನ್ನು ಕಾಯುವ ದೇವರು ಯಾವ ವಾರದವನಾದರೂ ಚೆನ್ನಾಗಿ ಕಾಯಲಿ.

ನಿನ್ನ ತಂಗಿ,
ಶೈಲಶ್ರೀ

ತಾ.ಕ.: ಬರೆಯದೇ ಬಿಡಬೇಕೆಂದಿದ್ದ ಮಾತು ಜಾಗದ್ದಲ್ಲ ಅಣ್ಣಾ, ಇದು. ಅವರ ಪದ್ಧತಿಯಲ್ಲಿ ಮೊದಲ ಮಣ್ಣನ್ನು ಸಲಿಕೆ ತಿರುವಿ ಹಿಡಿದು, ಅದರ ಬೆನ್ನಿನಿಂದ ಹಾಕುತ್ತಾರೆ, ಈ ಕೆಲಸಕ್ಕೆ ನಮಗೆ ಅವಸರವಿಲ್ಲ ಅಂತ. ಯಾರು ಹಾಕಬೇಕು ಎಂದು ಹನ್ನಾಬಾಯಿ ಕೇಳಿದಾಗ ನರ್ಸಬಾಯಿ ನಿನ್ನ ಹೆಸರು ಹೇಳಿದರು. ಹುಲಗೂರಿನಲ್ಲಿ ಹುಟ್ಟುವಾಗ ನೀನು ಕಾಲು ಮುಂದಾಗಿ ಬಂದದ್ದು ಶನಿವಾರವಂತೆ. ಜೀವ ಉಳಿಸಲು ಶನಿವಾರ ಮುರಿಯಬಹುದು, ಮುರಿಯಲೇಬೇಕು ಅಂತ ಅವರ ಧರ್ಮ. ಅವರು ಮುರಿದ ಮೊದಲ ಶನಿವಾರ ನಿನ್ನದು. ಕೊನೆಗೆ ಮಣ್ಣು ಹಾಕಲಷ್ಟೇ ಬರಬೇಡ. ರಜೆ ಹಾಕಿ ಈಗಲೇ ಬಾ, ಅವರು ನೋಡುವ ಹಾಗೆ. ಠಾಣೆಯ ಫೋನು ಬಂದು ಹೋಯಿತು, ದೀಪ ಹಚ್ಚುತ್ತಿದ್ದಾರೆ, ಬತ್ತಿ ಸರಿಮಾಡಲು ಕರೆಯುತ್ತಿದ್ದಾರೆ. ನಿನಗೆ ತಮ್ಮ ಕೈಯಿಂದ ಒಂದು ಸಾಲು ಬರೆಯುತ್ತಾರಂತೆ, ಆದರೆ ನಾಳೆ ಪೆನ್ನು ಮುಟ್ಟುವುದಿಲ್ಲ. ಭಾನುವಾರ ಬರೆಸಿಕೊಂಡು ಇದನ್ನು ಸೋಮವಾರ ಅಂಚೆಗೆ ಹಾಕುತ್ತೇನೆ, ಏಪ್ರಿಲ್ ೨೮ಕ್ಕೆ.