ಆ ನಾಲ್ಕು ದಿನ ನೀವು ಓಡಿದ್ದು ನಿಜವೇ?

ಗದಗ, ಇಸವಿ ೨೩೧೨, ಹದಿಮೂರನೆಯ ತಿಂಗಳಾದ ಉರಿಮಾಸದ ಒಂಬತ್ತನೆಯ ದಿನ

ಸುವರ್ಣಾ ಹೊಸಳ್ಳಿಯವರಿಗೆ, ಬಾಗಿಲಸಾಕ್ಷಿ ಹಾಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದುಕೊಳ್ಳಬೇಡಿ. ಬೇಸಿಗೆ ಹೆಚ್ಚಿದಾಗ ನಮ್ಮ ಹಿರಿಯರು ಏಪ್ರಿಲಿನಿಂದ ಒಂದಷ್ಟು ದಿನ, ಮೇ ತಿಂಗಳಿನಿಂದ ಒಂದಷ್ಟು ದಿನ ಕತ್ತರಿಸಿ ಉರಿಮಾಸ ಎಂದು ಬೇರೆಯೇ ತಿಂಗಳು ಮಾಡಿದರು. ಆ ತಿಂಗಳಲ್ಲಿ ಸೂರ್ಯ ಹುಟ್ಟಿದ ಮೇಲೆ ಯಾರೂ ಹೊಸ್ತಿಲು ದಾಟುವಂತಿಲ್ಲ. ನನ್ನ ಮಾತು ನಿಮಗೆ ಸ್ವಲ್ಪ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಡೈರಿಯಿಂದ. ಅದರಲ್ಲಿ ಇಲ್ಲದ್ದು ನನಗೆ ಗೊತ್ತಿಲ್ಲ. ಈ ಪತ್ರ ಮುನ್ನೂರು ವರ್ಷ ಹಿಂದಕ್ಕೆ ಹೇಗೆ ಬಂತು ಎಂದೂ ಕೇಳಬೇಡಿ. ಕಪ್ಪತಗುಡ್ಡದ ಗಾಳಿಗಂಬ ಕಾಯುವವರು ಕಳಿಸುತ್ತೇವೆ ಎಂದಿದ್ದಾರೆ. ಅವರ ಮಾತನ್ನು ನಾನು ನಂಬುವುದು ಅರ್ಧ ಮಾತ್ರ.

ನಿಮಗೆ ಈಗ ನಲವತ್ತೆರಡು ವಯಸ್ಸು. ನಸುಕಿನಲ್ಲಿ ಎದ್ದು ಮುಳಗುಂದದ ರಸ್ತೆಯಲ್ಲಿ ದಿನಾ ಮೂರು ಕಿಲೋಮೀಟರ್ ಓಡುತ್ತೀರಿ, ಮುಂದಿನ ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದೀರಿ, ಬಂದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಡೈರಿಯಲ್ಲಿ ನಾಲ್ಕು ಸಾಲು ಬರೆಯುತ್ತೀರಿ. ಅದು ಯಾರಿಗೂ ಬೇಡವಾದ ಡೈರಿ ಎಂದು ನೀವು ತಿಳಿದಿದ್ದೀರಿ. ತಪ್ಪು ತಿಳಿದಿದ್ದೀರಿ, ತಾಯಿ. ನಿಮ್ಮ ನಂತರ ಒಂದು ಕಾಲ ಬಂತು, ನಾವು ಅದನ್ನು ಕೂತಕಾಲ ಎನ್ನುತ್ತೇವೆ. ಬಿಸಿಲಿಗೆ ಹೆದರಿ ಎರಡು ತಲೆಮಾರಿನವರು ಮನೆಯೊಳಗೇ ಕೂತರು, ಕಾಲುಗಳು ಸೊರಗಿ ಕಡ್ಡಿಯಾದವು. ಆಮೇಲೆ ಒಂದು ಹಳೆಯ ಟ್ರಂಕಿನಲ್ಲಿ ನಿಮ್ಮ ಡೈರಿ ಸಿಕ್ಕಿತು. ಒಬ್ಬ ಸಾಮಾನ್ಯ ಹೆಣ್ಣುಮಗಳು ಒಂದು ದಿನವೂ ತಪ್ಪಿಸದೆ ವರ್ಷಗಟ್ಟಲೆ ಓಡಿದ್ದಾಳೆ ಎಂದು ಓದಿ ಊರು ಎದ್ದು ನಿಂತಿತು. ಅಂದಿನಿಂದ ಗದಗ ಬೆಟಗೇರಿಯಲ್ಲಿ ಆರು ವರ್ಷ ದಾಟಿದ ಎಲ್ಲರಿಗೂ ನಿತ್ಯೋಟ ಕಡ್ಡಾಯ. ನೀವು ಓಡಿದಷ್ಟು, ನೀವು ಓಡಿದ ಹಾಗೆ.

ವರ್ಷಕ್ಕೊಮ್ಮೆ ನಿಮ್ಮ ಹಾಫ್ ಮ್ಯಾರಥಾನಿನಷ್ಟೇ ದೂರದ ಇಪ್ಪತ್ತೊಂದರ ಓಟ ಇರುತ್ತದೆ. ನೀವು ಇಪ್ಪತ್ತೊಂದು ಪಾಯಿಂಟ್ ಒಂದು ಎಂದು ಬರೆದಿದ್ದೀರಿ. ಆ ಪಾಯಿಂಟ್ ಒಂದು ಯಾಕೆ ಎಂದು ನಮ್ಮ ಪಂಡಿತರು ಮೂವತ್ತು ವರ್ಷ ಜಗಳವಾಡಿ, ಕೊನೆಗೆ ಆ ಚೂರು ದೂರವನ್ನಷ್ಟೇ ಬರಿಗಾಲಲ್ಲಿ ಓಡಬೇಕೆಂದು ತೀರ್ಮಾನಿಸಿದರು. ಆ ಓಟ ಮುಗಿಸಿದವರಿಗೆ ಮದ್ದಿನ ಚೀಲ ಕೊಡುತ್ತಾರೆ. ಉರಿಮಾಸದಲ್ಲಿ ಗಾಡಿಗಳು ನಿಂತಾಗ ರಾತ್ರಿ ಊರಿಂದೂರಿಗೆ ಔಷಧ ಒಯ್ಯುವವರು ಅವರೇ. ಆದರೆ ಆ ಓಟದ ಗೆರೆಯ ಮೇಲೆ ನಿಲ್ಲಬೇಕಾದರೆ ಸಾವಿರ ದಿನದ ನಿತ್ಯೋಟ ಸಾಲಾಗಿ ಇರಬೇಕು. ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಶುರು. ನಿಮ್ಮ ಡೈರಿಯಲ್ಲಿ ಖಾಲಿ ದಿನ ಇಲ್ಲವಾದ್ದರಿಂದ ನಮಗೂ ಇಲ್ಲ.

ನನ್ನ ಕೆಲಸ ಸಂಶಯಪಡುವುದು. ಪ್ರತಿ ಓಣಿಗೂ ಒಬ್ಬ ಬಾಗಿಲಸಾಕ್ಷಿ ಇರುತ್ತಾರೆ. ನಸುಕಿನಲ್ಲಿ ಕಟ್ಟೆಯ ಮೇಲೆ ಕೂತು ಹೋದವರನ್ನು, ಬಂದವರನ್ನು ನೋಡಿ, ಕಾಲಿಗೆ ಕಟ್ಟಿದ ಹೆಜ್ಜೆಗುಂಡು ಬಿಚ್ಚಿಸಿ, ಅದು ಎಣಿಸಿದ ಹೆಜ್ಜೆ ಓದಿ, ದಫ್ತರದಲ್ಲಿ ಹೆಸರಿನ ಮುಂದೆ 'ಓಡಿದರು' ಎಂದು ಬರೆಯಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಇಪ್ಪತ್ತಾರು ವರ್ಷದಲ್ಲಿ ನಾನು ಹಿಡಿದ ಕಳ್ಳರಿಗೆ ಲೆಕ್ಕವಿಲ್ಲ. ಮೂಲೆಮನೆಯ ಫಕೀರಪ್ಪ ಎರಡು ತಿಂಗಳು ಹೆಜ್ಜೆಗುಂಡನ್ನು ಆಡಿನ ಕೊರಳಿಗೆ ಕಟ್ಟಿ ತಾನು ಹಾಸಿಗೆಯಲ್ಲಿ ಮಲಗಿದ್ದ. ಬೇಲಿಯ ಸೊಪ್ಪು ಕಂಡಲ್ಲೆಲ್ಲ ಆಡಿನ ಓಟ ನಿಂತದ್ದು ಹೆಜ್ಜೆಗುಂಡಿನಲ್ಲಿ ಕಂಡು ಸಿಕ್ಕಿಬಿದ್ದ. ಕೇಳಿದರೆ, "ಏನ್ ಮಾಡ್ಲಿ ಹಾಲವ್ವಾ, ನನಗಿಂತ ಅದಕ್ಕ ಓಡೂ ಹುಚ್ಚು ಭಾಳ" ಅಂದ. ಇಂಥವರ ನಡುವೆ ಬದುಕಿ ನನಗೆ ಕುಂಟುವವರೆಲ್ಲ ಕಳ್ಳರಾಗಿಯೇ ಕಾಣತೊಡಗಿದ್ದರು.

ನನಗೊಬ್ಬಳೇ ಮಗಳು, ಚನ್ನಿ. ಹತ್ತೊಂಬತ್ತು ವರ್ಷ. ಸಣ್ಣವಳಿದ್ದಾಗ ಅವಳಪ್ಪನಿಗೆ ಮದ್ದು ತಲುಪುವುದು ತಡವಾಗಿ ಅವನು ಹೋದ. ಅಂದಿನಿಂದ ಅವಳಿಗೆ ಮದ್ದಿನ ಚೀಲದ ಹೊರತು ಬೇರೆ ಕನಸಿಲ್ಲ. ಕಾಲು ನೋವು ಶುರುವಾಗುವ ಹೊತ್ತಿಗೆ ಸಾವಿರದ ನೂರಾ ನಲವತ್ತು ದಿನ ಸಾಲಾಗಿ ಓಡಿದ್ದಳು. ಈ ವರ್ಷ ನಿಮ್ಮ ಡೈರಿಯಲ್ಲಿರುವ ಹದಿನಾರು ವಾರದ ತಯಾರಿ ಹಿಡಿದಳು: ಭಾನುವಾರ ಎಂಟು, ಒಂಬತ್ತು, ಹತ್ತು ಹೀಗೆ ಏರುತ್ತ ಹೋಗುವ ಉದ್ದದ ಓಟ, ಉಳಿದ ದಿನ ತಪ್ಪದೆ ಮೂರು. ಒಂಬತ್ತನೆಯ ವಾರ ಹದಿನಾರು ಓಡಿ ಬಂದ ಮರುದಿನ ಕಟ್ಟೆಗೆ ಬಂದು ನಿಂತಳು. "ಅವ್ವಾ, ಕಣಕಾಲು ಭಾಳ ನೋಯಾಕತ್ತೈತಿ. ಇವತ್ತೊಂದಿನ ಬಿಡ್ಲ್ಯಾ?" ಎಂದಳು. ನಾನು ಅವಳ ಕಾಲು ನೋಡಲಿಲ್ಲ, ಮುಖ ನೋಡಿದೆ. ನೆಪ ಹೇಳುವವರ ಮುಖ ನನಗೆ ಗೊತ್ತು ಎಂಬ ಜಂಬ. "ಸುವರ್ಣಮ್ಮ ನೂರಾ ಎರಡು ಜ್ವರದಾಗ ಓಡ್ಯಾಳ. ನಿನಗೇನ್ ಧಾಡಿ?" ಎಂದೆ. ಅವಳು ಹೆಜ್ಜೆಗುಂಡು ಕಟ್ಟಿಕೊಂಡು ಓಡಿದಳು. ಆರು ದಿನ ಹಾಗೆಯೇ ಓಡಿದಳು. ಮುಂದಿನ ಭಾನುವಾರ ನಾಲ್ಕು ಜನ ಅವಳನ್ನು ಬಾಗಿಲಿನ ಹಲಗೆಯ ಮೇಲೆ ಹೊತ್ತು ತಂದರು.

ಎಲುಬಿನ ವೈದ್ಯ ಮರುಳಪ್ಪ ಕಾಲಿಗೆ ಬಿದಿರಿನ ಪಟ್ಟಿ ಕಟ್ಟುತ್ತ ನನ್ನ ಕಡೆ ನೋಡಲೇ ಇಲ್ಲ. "ಒಂದ್ ವಾರ ಕುಂತಿದ್ರ ಇದು ಮುರೀತಿರ್ಲಿಲ್ಲ. ಈ ವರ್ಷ ಇದು ಏಳನೇ ಕಾಲು, ಹಾಲವ್ವಾ" ಎಂದ. ಹೆತ್ತ ಮಗಳ ಕಾಲನ್ನು ಮುರಿಯುವಷ್ಟು ಗಟ್ಟಿಯಾದ ಮಾತು ನನ್ನ ಬಾಯಿಂದ ಬಂದದ್ದು ನಿಮ್ಮ ಡೈರಿಯ ಬಲದಿಂದ. ಆದ್ದರಿಂದ ಅದನ್ನು ತಂದು ಎದುರಿಗಿಟ್ಟುಕೊಂಡೆ. ಸಾಕ್ಷಿಗಳು ಬೇರೆ ಯಾರ ಓಟವನ್ನಾದರೂ ಪರೀಕ್ಷಿಸಬಹುದು, ನಿಮ್ಮದನ್ನು ಪರೀಕ್ಷಿಸುವಂತಿಲ್ಲ. ಅದು ನಮ್ಮಲ್ಲಿ ಪದ್ಧತಿ. ಆ ದಿನ ನಾನು ಪದ್ಧತಿ ಮುರಿದೆ.

ಸುವರ್ಣಮ್ಮಾ, ನೀವು ದೂರು ಹೇಳದೆ ಓಡಿದ ದಿನವೇ ಇಲ್ಲ. ನಾಯಿ ಬೆನ್ನಟ್ಟಿತು, ಲಾರಿಯ ಧೂಳು ಕಣ್ಣಿಗೆ ಬಿತ್ತು, ಸಾಕ್ಸು ಹರಿಯಿತು, ಎಡ ಮೊಣಕಾಲು ಹಿಡಿಯಿತು, ಬಂದಾಗ ಗಂಡ ರಾಚಪ್ಪ ಚಹಾ ಮಾಡಿರಲಿಲ್ಲ. ನಿಮ್ಮ ಯಜಮಾನರ ಮೇಲಂತೂ ಪುಟಕ್ಕೊಂದು ತಕರಾರು. "ಓಡಿ ಓಡಿ ಎಲ್ಲಿ ಹೊಕ್ಕಿ? ತಿರುಗಿ ಮನಿಗೇ ಬರಬೇಕಲ್ಲ" ಎಂದು ಅವರು ನಕ್ಕದ್ದನ್ನೂ ಬರೆದಿದ್ದೀರಿ. ಆದರೆ ಒಂಬತ್ತನೆಯ ವಾರದ ಬುಧವಾರ 'ಜ್ವರ ೧೦೨' ಎಂದು ಬರೆದ ಕೆಳಗೆ 'ಓಡಿದೆ, ೩ ಕಿ.ಮೀ.' ಎಂದಿದೆ. ಗುರುವಾರ, ಶುಕ್ರವಾರ, ಶನಿವಾರವೂ ಅಷ್ಟೇ. ನಾಯಿ ಇಲ್ಲ, ಧೂಳಿಲ್ಲ, ಚಹಾದ ಸುದ್ದಿಯಿಲ್ಲ. ಜ್ವರದಲ್ಲಿ ಮೂರು ಕಿಲೋಮೀಟರ್ ಓಡಿ ಬಂದ ಹೆಂಗಸು ಒಂದು ಮಾತೂ ಗೊಣಗಲಿಲ್ಲವೇ? ಫಕೀರಪ್ಪನ ಆಡು ಕೂಡ ಇದನ್ನು ನಂಬುವುದಿಲ್ಲ.

ಆಮೇಲೆ ಅಕ್ಷರ ನೋಡಿದೆ. ಉಳಿದ ದಿನಗಳಲ್ಲಿ ನಿಮ್ಮ ಮೂರರ ಬಾಲ ಎಡಕ್ಕೆ ತಿರುಗುತ್ತದೆ. ಈ ನಾಲ್ಕು ದಿನ ನೆಟ್ಟಗಿದೆ, ಕಾಗದ ಹರಿಯುವಷ್ಟು ಒತ್ತಿ ಬರೆದಿದೆ, ಶಾಯಿಯೂ ಬೇರೆ. ಬರೆದವರು ನೀವಲ್ಲ. ನಿಮ್ಮ ಮನೆಯಲ್ಲಿ ಇದ್ದವರು ಇಬ್ಬರೇ. ರಾಚಪ್ಪನವರು ಹೆಂಡತಿಯ ಓಟವನ್ನು ಗೇಲಿ ಮಾಡಲು ಹೀಗೆ ಮಾಡಿರಬೇಕು ಎಂದು ಮೊದಲು ನನಗೆ ಅನ್ನಿಸಿತು. ಕೆಟ್ಟದ್ದು ಮೊದಲು ತೋಚುವುದು ನನ್ನ ಸ್ವಭಾವ. ಗೇಲಿ ಮಾಡುವ ಗಂಡಸು ನಾಲ್ಕು ದಿನ ಬಿಡದೆ ಬರೆಯುವುದಿಲ್ಲ ಎಂಬುದು ಹೊಳೆಯಲು ನಾನೇ ಒಂದು ತಪ್ಪು ಮಾಡಬೇಕಾಯಿತು.

ಚನ್ನಿ ಮಲಗಿದ ಮೊದಲ ಬೆಳಿಗ್ಗೆ ದಫ್ತರ ತೆರೆದೆ. ಅವಳ ಹೆಸರಿನ ಮುಂದೆ ಜಾಗ ಖಾಲಿಯಿತ್ತು. ಸಾವಿರದ ನೂರಾ ನಲವತ್ತೇಳು ದಿನ ನನ್ನಿಂದಾಗಿ ಮಣ್ಣುಪಾಲಾಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಕೈ ತಾನಾಗಿ 'ಓಡಿದಳು' ಎಂದು ಬರೆದಿತ್ತು. ಎರಡನೆಯ ದಿನವೂ ಬರೆದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದಳು ಎನ್ನುತ್ತಾರಲ್ಲ, ಅದು ನಾನೇ. ನಿಮ್ಮ ಗಂಡ ಯಾಕೆ ಬರೆದರೆಂದು ಆಗ ಗೊತ್ತಾಯಿತು. ಜ್ವರದಲ್ಲಿ ಮಲಗಿದ್ದ ನಿಮಗೆ ಎದ್ದಾಗ ಖಾಲಿ ಪುಟ ಕಾಣಬಾರದೆಂದು ಬರೆದಿದ್ದಾರೆ. ಅವರು ಒಳ್ಳೆಯವರೇ ಇರಬೇಕು. ಆ ಒಳ್ಳೆಯತನವೇ ಮುನ್ನೂರು ವರ್ಷ ದಾಟಿ ಬಂದು ನನ್ನ ಮಗಳ ಎಲುಬಿಗೆ ಬಡಿದಿದೆ. ನಿಮಗೆ ಇದು ಗೊತ್ತಿತ್ತೇ, ಗೊತ್ತಿದ್ದೂ ಸುಮ್ಮನಿದ್ದಿರೇ ಎಂಬ ಸಂಶಯ ಮಾತ್ರ ನನಗಿನ್ನೂ ಹೋಗಿಲ್ಲ.

ನಾನು ಓದಿ ಮುಗಿಸಿದ ಆ ನಾಲ್ಕು ದಿನ ನಿಮಗೆ ಇನ್ನೂ ಬರಬೇಕಾಗಿದೆ, ಆದ್ದರಿಂದ ನನ್ನ ವಿನಂತಿ ಇಷ್ಟು. ಒಂಬತ್ತನೆಯ ವಾರ ಬಂದಾಗ ಜ್ವರ ಬಿಡುವವರೆಗೆ ಹೊದ್ದು ಮಲಗಿ. ಡೈರಿಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳಿ, ರಾಚಪ್ಪನವರ ಕೈಗೆ ಸಿಗಬಾರದು. ಎದ್ದ ಮೇಲೆ ನಾಲ್ಕೂ ದಿನದ ಮುಂದೆ 'ಓಡಲಿಲ್ಲ' ಎಂದು ನಿಮ್ಮ ಕೈಯಿಂದಲೇ ಬರೆಯಿರಿ. ಆಮೇಲೆ ನಿಮ್ಮ ಇಪ್ಪತ್ತೊಂದನ್ನು ಓಡಿ. ನಾಲ್ಕು ದಿನ ಮಲಗಿದವಳೂ ಅಷ್ಟು ದೂರ ಓಡಬಲ್ಲಳೆಂದು ಓದಿದ್ದರೆ ನಮ್ಮ ಊರು ಇನ್ನೂ ಚೆನ್ನಾಗಿ ಎದ್ದು ನಿಲ್ಲುತ್ತಿತ್ತು.

ನೀವು ಹಾಗೆ ಮಾಡುತ್ತೀರೆಂದು ನನಗೆ ಪೂರ್ತಿ ನಂಬಿಕೆಯಿಲ್ಲ. ಅದಕ್ಕೇ ನನ್ನ ಪಾಲಿನದನ್ನು ನಾನು ಮಾಡಿದ್ದೇನೆ. ಇಂದು ನಸುಕಿನಲ್ಲಿ ಚನ್ನಿ ಮಲಗಿದ್ದಲ್ಲಿಂದಲೇ ನನ್ನ ಕೈಯಿಂದ ದಫ್ತರ ಕಸಿದುಕೊಂಡು ನೋಡಿದಳು. "ಸುಳ್ ಬರೀಬ್ಯಾಡಬೇ. ನಾಳೆ ಮತ್ಯಾರಿಗೋ ನನ್ನ ಹೆಸರು ಹೇಳಿ ಓಡಸ್ತೀ" ಎಂದಳು. ಹೊರಗೆ ಕಟ್ಟೆಗೆ ಬಂದಾಗ ಓಣಿಯ ಮೂವರು ಹುಡುಗಿಯರು ಓಟಕ್ಕೆ ನಿಂತಿದ್ದರು. ಒಬ್ಬಳು ಒಂದೇ ಕಾಲಿನ ಮೇಲೆ ಭಾರ ಹಾಕಿದ್ದಳು. ನಾನು ಕಟ್ಟೆಯಿಂದ ಇಳಿದು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಮುಖ ನೋಡದೆ ಕಾಲು ಮುಟ್ಟಿ ನೋಡಿದೆ. ಬಾತಿತ್ತು. ಅವಳನ್ನು ಮನೆಗೆ ಕಳಿಸಿ, ಎರಡು ದಿನದ ಸುಳ್ಳು ಹೊಡೆದುಹಾಕಿ, ಓಣಿಯವರೆಲ್ಲ ಕೇಳುವ ಹಾಗೆ ಓದುತ್ತ ದಫ್ತರದಲ್ಲಿ ಬರೆದೆ: ಚನ್ನಿ ಓಡಲಿಲ್ಲ. ಕಾಲು ಮುರಿದಿದೆ. ನೋಯುತ್ತದೆ ಎಂದು ಹೇಳಿದ್ದಳು. ನಾನು ನಂಬಲಿಲ್ಲ.

ಹಾಲವ್ವ