ಪೆಟ್ಟಿಗೆಯ ಮೇಲಿನ ಭಾವಚಿತ್ರ

ಎವರ್‌ಗ್ರೀನ್, ಸ್ಯಾನ್ ಹೊಸೆ

ಸಮಸ್ತ ಬಂದರುಗಳ ಬೀಗಾಧಿಪತಿ, ಮೊಹರು ಮಾರ್ತಾಂಡ, ಎದೆಯಲ್ಲಿ ಜಾಗ ಸಾಲದೆ ಹೊಟ್ಟೆಯವರೆಗೂ ಪದಕ ಧರಿಸಿರುವ ಮಹಾಸೇನಾನಿಗಳ ದಿವ್ಯ ಬೂಟುಗಳಿಗೆ,

ಇಂಗ್ಲಿಷಿನಲ್ಲಿ ಬರೆದ ಆರು ಪತ್ರಗಳನ್ನು ತಾವು ಓದಲಿಲ್ಲ. ಏಳನೆಯದನ್ನೂ ಓದದಿರಲು ಅನುಕೂಲವಾಗಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಕರಾವಳಿಗೆ ಚಂಡಮಾರುತ ಬಡಿದು ಇಪ್ಪತ್ತು ದಿನವಾಯಿತು. ನಾವು ಕಳಿಸಬೇಕೆಂದಿರುವ ನೀರು ಶುದ್ಧಿ ಮಾಡುವ ಮಾತ್ರೆಗಳು ತಮ್ಮ ಪರವಾನಗಿಯಿಲ್ಲದೆ ನಮ್ಮ ಗರಾಜಿನಲ್ಲೇ ಬಿದ್ದಿವೆ. ನಿಮ್ಮ ದೇಶದವರೇ ಆದ ಪಕ್ಕದ ಮನೆಯ ಖಿನ್ ಆಂಟಿಯ ಅಕ್ಕ ಅಲ್ಲಿ ಹೆಣ ತೇಲಿದ ಕೆರೆಯ ನೀರು ಕುಡಿಯುತ್ತಿದ್ದಾರೆ. ಪರವಾನಗಿ ಬೇಕಾದರೆ ಪ್ರತಿ ಪೆಟ್ಟಿಗೆಯ ಮೇಲೂ ತಮ್ಮ ಭಾವಚಿತ್ರ, ಅದರ ಕೆಳಗೆ ‘ಸೇನಾನಿಗಳ ಕೊಡುಗೆ’ ಎಂದು ಇರಬೇಕಂತೆ. ಕೊಟ್ಟಿದ್ದೇನು ಸ್ವಾಮಿ ತಾವು, ಕೆರೆಯನ್ನಾ? ನಾಚಿಕೆ ಅನ್ನೋದು ಬೇಡವಾ?

ವಿನಂತಿ ಇಷ್ಟೇ. ಇವತ್ತೇ ಸಹಿ ಹಾಕಿ. ಆಗದಿದ್ದರೆ ಆ ನೀರನ್ನು ಒಂದು ಲೋಟ ತಾವೂ ಕುಡಿದು ನೋಡಿ.

ಇತಿ, ತಮ್ಮ ಮೇಲೆ ಕೆಂಡಾಮಂಡಲಳಾಗಿರುವ,
ಸುರಕ್ಷಾ

ಇನ್ನೊಂದು ಮಾತು. “ಜಗಳ ಆಮೇಲೆ ಆಡೇ, ಮೊದ್ಲು ಮಾತ್ರೆ ಅಲ್ಲಿಗೆ ಮುಟ್ಲಿ” ಅಂದರು ಅಮ್ಮ. ಬೆಳಿಗ್ಗೆಯಿಂದ ಕೂತು ನಲವತ್ತು ಪೆಟ್ಟಿಗೆಗೂ ನಿಮ್ಮ ಫೋಟೊ ಅಂಟಿಸಿದ್ದೇನೆ. ಮಾರ್ಕರ್ ಕೈಯಲ್ಲೇ ಇತ್ತು. ಒಂದಕ್ಕೂ ಮೀಸೆ ಬಿಡಿಸಲಿಲ್ಲ.