ಎಡಗೈಗೆ ಅರ್ಧ ಬೋಗಿ

ದಡದ ಮನೆ,
ಶನಿವಾರ ಮಧ್ಯಾಹ್ನ, ಮಾರ್ಚ್ ಹದಿನಾಲ್ಕು

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಬಿಚ್ಚಿದ ಕೂಡಲೇ ನೀವು ಕಿಟಕಿಗೆ ಹೋಗಿ ನಿಂತಿರಂತೆ. ಅಲ್ಲಿಂದ ಕಾಣುವುದು ಎದುರು ಮನೆಯವರು ಒಣಹಾಕಿದ ಬಟ್ಟೆ ಮಾತ್ರ, ಅದಕ್ಕೇಕೆ ಅಷ್ಟು ಅವಸರ? ಕಣ್ಣು ಉಜ್ಜಬೇಡಿ, ಬಗ್ಗಬೇಡಿ, ಭಾವನ ಜೋಕುಗಳಿಗೆ ಜೋರಾಗಿ ನಗಬೇಡಿ. ಕೊನೆಯದು ಅಷ್ಟೇನೂ ಕಷ್ಟವಾಗಲಾರದು. ಹನಿ ಹಾಕಲು ಬಂದರೆ ಮುಖ ತಿರುಗಿಸಿಕೊಳ್ಳುತ್ತೀರೆಂಬ ದೂರು ಇಲ್ಲಿಯವರೆಗೂ ಬಂದಿದೆ. ಅಮ್ಮ ಆರಾಮವಾಗಿದ್ದಾಳೆ. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಕೂತು ಗಾಳಕ್ಕೆ ಗರಿ ಕಟ್ಟುತ್ತಾಳೆ, ನೀವಿಲ್ಲದ ಮನೆ ಎಷ್ಟು ಸದ್ದಿಲ್ಲದೆ ಇದೆ ಎನ್ನುತ್ತಾಳೆ. ಅದು ಬೇಸರವೋ ಸಂತೋಷವೋ ನಾನು ಕೇಳಲು ಹೋಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಪತ್ರವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನಿಮಗೆ ಇದನ್ನು ಓದಿ ಹೇಳುವುದು ಅಕ್ಕ ಎಂದು ಗೊತ್ತು. ಅಕ್ಕಾ, ಅಪ್ಪನ ಮುಖ ನೋಡಿ ಹೆದರಿ ಯಾವ ಸಾಲನ್ನೂ ನುಂಗಬೇಡ, ಬರೆದದ್ದನ್ನು ಬರೆದ ಹಾಗೆಯೇ ಓದು.

ಹೊರಡುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೀವು ನನಗೆ ಎರಡು ಕೆಲಸ ಒಪ್ಪಿಸಿದ್ದಿರಿ. ಮೀನು ಹಿಡಿಯಲು ಬರುವ ರೈಲು ಯಜಮಾನರಿಗೆ ಈ ವರ್ಷ ಬರಬೇಡಿ ಎಂದು ತಿಳಿಸುವುದು, ದೋಣಿಯ ಬೀಗದ ಕೈಯನ್ನು ಚಿಕ್ಕಪ್ಪನಿಗೆ ಕೊಟ್ಟುಬಿಡುವುದು. ಇನ್ನೊಂದು ಕಣ್ಣಿಗೂ ಆಪರೇಷನ್ ಆಗಬೇಕು, ಡಾಕ್ಟರು ಬಿಸಿಲಿಗೆ ಹೊಳೆಯುವ ನೀರು ನೋಡಬೇಡಿ ಎಂದಿದ್ದಾರೆ, ಸರಿ. ಆದರೆ ಅಷ್ಟಕ್ಕೇ ನೀವು ಸುಮ್ಮನಾಗಲಿಲ್ಲ. "ದೋಣಿ ಹಿಂದಿನ ಹಲಗೆ ಮೇಲೆ ನಿಂತು ಮೀನು ತೋರಿಸೋಕೆ ಕಣ್ಣು ಬೇಕು. ನನ್ನದು ಹೋಯ್ತು, ಮನೇಲಿ ಇನ್ಯಾರಿಗೂ ಅಂಥ ಕಣ್ಣಿಲ್ಲ" ಎಂದಿರಿ. ನಾನು ನಿಮ್ಮ ಚೀಲ ಹಿಡಿದುಕೊಂಡು ಎದುರಿಗೇ ನಿಂತಿದ್ದೆ ಅಪ್ಪಾ. ಆ ಮಾತು ನನಗೆ ಚುಚ್ಚಿತು. ಬಸ್ಸು ಹೋದ ಮೇಲೆ ಮನೆಗೆ ಬಂದೆ, ಫೋನು ಕೈಗೆ ತೆಗೆದುಕೊಂಡೆ, ಮತ್ತೆ ಕೆಳಗಿಟ್ಟೆ. ರೈಲು ಯಜಮಾನರಿಗೆ ನಾನು ಏನನ್ನೂ ತಿಳಿಸಲಿಲ್ಲ.

ಹಾಗಾಗಿ ಅವರು ಪ್ರತಿ ವರ್ಷದಂತೆ ಕೋಲು, ದಾರ, ಅಗಲ ಟೋಪಿ ಹೊತ್ತುಕೊಂಡು ಸೋಮವಾರ ಬೆಳಿಗ್ಗೆ ಬಂದು ಇಳಿದರು. ಅಪ್ಪ ಎಲ್ಲಿ ಎಂದರು. ಹೇಳಿದೆ. ಪಾಪ, ನಿಜವಾಗಿಯೂ ನೊಂದುಕೊಂಡರು. ಹಾಗಾದರೆ ಹಿಂದಿನ ಹಲಗೆಯ ಮೇಲೆ ನಿಂತು ಗಳ ಊರುವವರು ಯಾರು ಎಂದರು. ನಾನೇ ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಆಕಾಶ ನೋಡಿದರು, ಮತ್ತೆ ನನ್ನನ್ನು ನೋಡಿದರು. ಜೀವಮಾನವೆಲ್ಲ ರೈಲು ಓಡಿಸಿದ ಮನುಷ್ಯ. ಇನ್ನೊಬ್ಬರು ಓಡಿಸುವುದರಲ್ಲಿ ಕೂರುವುದು ಅವರಿಗೆ ಸುಲಭವಲ್ಲ. ಆದರೆ ವರ್ಷಗಟ್ಟಲೆ ನಿಮ್ಮ ಜೊತೆ ಅಲೆದರೂ ಒಂದು ಕುಡುಗೋಲು ಬಾಲದ ಮೀನೂ ಅವರ ಕೈಗೆ ಸಿಕ್ಕಿಲ್ಲವಲ್ಲ, ಆ ಆಸೆ ದೊಡ್ಡದು. ಬೂಟು ಬಿಚ್ಚಿ ದೋಣಿ ಹತ್ತಿದರು. ಬರಿಗಾಲಿದ್ದರೆ ದಾರದ ಮೇಲೆ ಕಾಲಿಟ್ಟದ್ದು ತಿಳಿಯುತ್ತದೆ ಎಂಬ ನಿಮ್ಮ ಪಾಠವನ್ನು ಅವರು ಮರೆತಿರಲಿಲ್ಲ.

ಈಗ ನಗಬೇಡಿ, ಕಣ್ಣಿಗೆ ಒಳ್ಳೆಯದಲ್ಲ. ಮೊದಲ ದಿನ ನನ್ನ ಮಾನ ಹೋಯಿತು. ಮೊಣಕಾಲುದ್ದದ ಕಡಲ ನೀರು, ಗಾಳಿಯಿಲ್ಲ, ಬಿಸಿಲು ಬೆನ್ನ ಹಿಂದೆ. ನೀವಿದ್ದರೆ ಕೈ ಉಜ್ಜಿಕೊಳ್ಳುತ್ತಿದ್ದಿರಿ. ಏಡಿ ಕೆದಕುತ್ತ ತಲೆ ಕೆಳಗೆ ಮಾಡಿದ ಮೀನು, ನೀರಿನ ಮೇಲೆ ಕಪ್ಪು ಕುಡುಗೋಲಿನಂಥ ಬಾಲ. ನಾನು ಕಂಡೆ. ಅವರಿಗಿಂತ ಮೊದಲು, ಸ್ಪಷ್ಟವಾಗಿ ಕಂಡೆ. ನೀವು ಹೇಳುವ ಹಾಗೆಯೇ, ದೋಣಿಯ ಮೂತಿಯೇ ಹನ್ನೆರಡು ಎಂದು ಲೆಕ್ಕ ಹಿಡಿದು, "ಎರಡು ಗಂಟೆಗೆ" ಎಂದೆ. ಅವರು ಬಲಕ್ಕೆ ಬೀಸಿದರು. ಮೀನಿದ್ದದ್ದು ಎಡಕ್ಕೆ. ದಾರದ ನೆರಳು ಕಂಡು ಬಾಲ ಮಾಯ. ಇನ್ನೊಂದು ಕಂಡಿತು, "ಹತ್ತು ಗಂಟೆಗೆ" ಎಂದೆ, ಅವರು ಎಡಕ್ಕೆ ಬೀಸಿದರು, ಮೀನು ಬಲಕ್ಕೆ. ಹೀಗೇ ಮಧ್ಯಾಹ್ನದವರೆಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮನಸ್ಸಿನಲ್ಲಿ ಅವರನ್ನೇ ಬೈಯುತ್ತಿದ್ದೆ, ಬಲ ಎಡ ತಿಳಿಯದ ಮನುಷ್ಯ ಇಷ್ಟು ವರ್ಷ ರೈಲನ್ನು ಹೇಗೆ ಓಡಿಸಿದರೋ ಎಂದು. ಅವರೇನೂ ಕೋಪಿಸಿಕೊಳ್ಳಲಿಲ್ಲ. ನನ್ನ ಗಡಿಯಾರ ಯಾವ ಊರಿನದು ಎಂದು ಮೆಲ್ಲಗೆ ಕೇಳಿದರು, ಅಷ್ಟೇ.

ಆಗ ಹೊಳೆಯಿತು. ಚಿಕ್ಕಂದಿನಿಂದ ನಾನು ದೋಣಿಯಲ್ಲಿ ಕೂತದ್ದು ಹೇಗೆ? ನಡುವಿನ ಅಡ್ಡಹಲಗೆಯ ಮೇಲೆ, ಬುತ್ತಿಯ ಚೀಲ ಜಾರದಂತೆ ಕಾಲಲ್ಲಿ ಒತ್ತಿಕೊಂಡು, ಮೀನು ಹಿಡಿಯುವವರಿಗೆ ಬೆನ್ನು ಮಾಡಿ, ನಿಮ್ಮ ಮುಖ ನೋಡುತ್ತ. ನೀವು ಎರಡು ಗಂಟೆ ಎಂದಾಗಲೆಲ್ಲ ಅದು ನನ್ನ ಎಡಗಡೆ. ನಿಮ್ಮ ಗಡಿಯಾರವನ್ನು ನಾನು ತಿರುಗುಮುರುಗಾಗಿ ಕಲಿತುಬಿಟ್ಟಿದ್ದೇನೆ ಅಪ್ಪಾ! ಮನೆಗೆ ಬಂದು ಸ್ನಾನದ ಮನೆಯಲ್ಲಿ ನೀರು ಜೋರಾಗಿ ಬಿಟ್ಟುಕೊಂಡು ಅತ್ತೆ. ನೀವು ಹೇಳಿದ್ದೇ ನಿಜವಾಯಿತಲ್ಲ ಎಂದು ಅತ್ತೆ. ಆಮೇಲೆ ಅಮ್ಮ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ, ಒಲೆ ಹನ್ನೆರಡು, ಪಾತ್ರೆ ಗೂಡು ಮೂರು ಎಂದು ತಾಲೀಮು ಮಾಡಿಸಿದಳು. ಯೋಚಿಸಿ ಹೇಳಿದರೆ ಸರಿ, ಥಟ್ಟನೆ ಹೇಳಿದರೆ ತಪ್ಪು. ಮೀನು ಯೋಚಿಸಲು ಸಮಯ ಕೊಡುತ್ತದೆಯೇ?

ಮರುದಿನ ಬೆಳಿಗ್ಗೆ ಗಂಟೆಯನ್ನೇ ಕೈಬಿಟ್ಟೆ. ಎಡಗೈ, ಬಲಗೈ, ಮೂಗಿನ ನೇರ, ಇಷ್ಟೇ ಹೇಳುತ್ತೇನೆ ಎಂದೆ. ಎಷ್ಟು ದೂರ ಎಂದು ಅವರು ಕೇಳಿದರು. ನೀವು ಮಾರು ಲೆಕ್ಕ ಹೇಳುತ್ತೀರಿ, ಅವರು ಪ್ರತಿ ಸಲವೂ ಉದ್ದ ಬೀಸುತ್ತಾರೆ, ನೀವು ಮನೆಗೆ ಬಂದು ಗೊಣಗುತ್ತೀರಿ. ನಾನು ಅವರ ಮುಖ ನೋಡಿ, ಒಂದು ಬೋಗಿ, ಅರ್ಧ ಬೋಗಿ ಎಂದರೆ ತಿಳಿಯುತ್ತದೆಯೇ ಎಂದೆ. ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅದೊಂದು ಅಳತೆ ಅವರ ಮೈಯಲ್ಲೇ ಇದೆ. ಅರ್ಧ ಬೋಗಿ ಎಂದರೆ ಅರ್ಧ ಬೋಗಿ, ಗಾಳ ಹೋಗಿ ಅಲ್ಲೇ ಬೀಳುತ್ತದೆ, ಒಂದು ಗೇಣು ಹೆಚ್ಚಿಲ್ಲ. ಬುಧವಾರ ಗಾಳಿ ಎದ್ದದ್ದರಿಂದ ದೋಣಿ ಬಿಟ್ಟು ಮರಳಿನ ದಂಡೆಗೆ ಹೋದೆವು. ಅಲ್ಲಿ ಅವರು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದರು, ಎದೆಮಟ್ಟ ನೀರಿಗೆ ಇಳಿದು ದೂರಕ್ಕೆ ಬೀಸುತ್ತ ನಿಂತರು. ಮೀನುಗಳ ಗುಂಪೊಂದು ಅವರ ಬೆನ್ನ ಹಿಂದೆ, ದಡಕ್ಕೂ ಅವರಿಗೂ ನಡುವೆ, ಮದುವೆಗೆ ಹೊರಟವರ ಹಾಗೆ ಸಾಲಾಗಿ ಹೋಯಿತು. ನಾನು ನಕ್ಕದ್ದು ಅವರಿಗೂ ಕೇಳಿಸಿತು.

ಗುರುವಾರ ಕುಡುಗೋಲು ಬಾಲ ಒಂದು ಅಮ್ಮ ಏಡಿಯಂತೆ ಕಾಣುವ ಹಾಗೆ ಗರಿ ಕಟ್ಟಿದ ಗಾಳವನ್ನು, ಆ ಏಡಿಗರಿಯನ್ನು, ಬಾಯಿಗೆ ಹಾಕಿಕೊಂಡೇಬಿಟ್ಟಿತು. ಯಜಮಾನರು ಹೊಳೆಯ ಮೀನು ಹಿಡಿದು ಬೆಳೆದವರಲ್ಲವೇ, ಹಳೆಯ ಚಾಳಿಯಂತೆ ಕೋಲನ್ನು ಆಕಾಶಕ್ಕೆ ಎತ್ತಿದರು. ಗಾಳ ಬಾಯಿಂದ ಜಾರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎತ್ತಬೇಡಿ, ದಾರವನ್ನು ಕೈಯಲ್ಲಿ ಎಳೆಯಿರಿ ಎಂದು ನೀವು ವರ್ಷವರ್ಷವೂ ಗಂಟಲು ಹರಿದುಕೊಂಡದ್ದು ನನಗೆ ಗೊತ್ತು. ಅವರು ತಲೆ ತಗ್ಗಿಸಿ ಕೂತುಬಿಟ್ಟರು, ಇನ್ನು ಸಾಕು, ಊರಿಗೆ ಹೋಗುತ್ತೇನೆ ಎಂದರು. ಅವರು ಬರಿಗೈಯಲ್ಲಿ ಹೋದರೆ ನನ್ನ ಕಥೆಯೂ ಅಲ್ಲಿಗೇ ಮುಗಿಯುತ್ತದೆ. ಗಳ ಊರಿ ದೋಣಿ ನಿಲ್ಲಿಸಿ ಕೇಳಿದೆ.

"ರೈಲು ನಿಲ್ಲಿಸೋವಾಗ ಬ್ರೇಕಿನ ಹಿಡಿ ಏನ್ಮಾಡ್ತಿದ್ರಿ, ಮೇಲಕ್ಕೆ ಎತ್ತುತ್ತಿದ್ರಾ?"

"ಎತ್ತೋದೆಲ್ಲಿ ಬಂತಮ್ಮ, ಎಳೀತಿದ್ದೆ."

"ಹಂಗಾದ್ರೆ ಮೀನು ಕಚ್ಚಿದಾಗ ರೈಲು ನಿಲ್ಲಿಸಿ."

ಶುಕ್ರವಾರ, ಅಂದರೆ ನಿನ್ನೆ, ಅವರ ಕೊನೆಯ ದಿನ. ಬೆಳಿಗ್ಗೆಯೆಲ್ಲ ಏನೂ ಇಲ್ಲ. ಚಿಕ್ಕಪ್ಪ ತಮ್ಮ ದೋಣಿಯಲ್ಲಿ ಬಲೆ ಸರಿಮಾಡುತ್ತ ಆಚೆಗೆ ನಿಂತಿದ್ದರು, ಹಿಡಿದು ಬಿಡುವ ಮೀನಿಗೆ ಇಷ್ಟು ಒದ್ದಾಟವೇಕೆ ಎನ್ನುವ ಅದೇ ಮುಖ ಹೊತ್ತುಕೊಂಡು. ನೀರು ಏರುವ ಹೊತ್ತಿಗೆ ಬಾಲ ಕಂಡಿತು. ಎಡಗೈ, ಅರ್ಧ ಬೋಗಿ ಎಂದೆ, ಪಿಸುದನಿಯಲ್ಲಿ. ಏಡಿಗರಿ ಸದ್ದಿಲ್ಲದೆ ಬಿತ್ತು. ಮೀನು ತಿರುಗಿತು, ಹಿಂಬಾಲಿಸಿತು, ತಲೆ ಬಗ್ಗಿಸಿತು. ಯಜಮಾನರ ಕೋಲು ಅಲುಗಲಿಲ್ಲ, ಎಡಗೈ ಮಾತ್ರ ಹಿಂದಕ್ಕೆ ಎಳೆಯಿತು. ಆಮೇಲೆ ದಾರ ಹೋದ ವೇಗ ನಿಮಗೆ ಹೇಳಬೇಕಾಗಿಲ್ಲ. ಎಷ್ಟು ಹೊತ್ತು ಆಡಿಸಿತೋ, ಕೊನೆಗೆ ನಾನು ನೀರಿಗೆ ಹಾರಿ ಬಾಲ ಹಿಡಿದೆ. ಹೊಟ್ಟೆಯಲ್ಲಿ ಹಳದಿ ಮಿಂಚು, ಮೈಯೆಲ್ಲ ಬೆಳ್ಳಿ. ಅವರೂ ಇಳಿದು ಬಂದು ಅದನ್ನು ಎರಡೂ ಕೈಯಲ್ಲಿ ನೀರೊಳಗೇ ಹಿಡಿದುಕೊಂಡು ಅತ್ತರು, ಮತ್ತೆ ಬಿಟ್ಟರು. ಆಚೆಯಿಂದ ಚಿಕ್ಕಪ್ಪ ಅಯ್ಯೋ ಎಂದದ್ದು ಕೇಳಿಸಿತು. ಅಷ್ಟು ದೊಡ್ಡ ಮೀನು ನೀರಿಗೆ ಹೋದ ಸಂಕಟ ಅವರಿಗೆ.

ನನಗೆ ಎಷ್ಟು ಸಂತೋಷವಾಯಿತು ಎಂದು ಬರೆಯಲು ಬರುವುದಿಲ್ಲ ಅಪ್ಪಾ. ಒದ್ದೆ ಬಟ್ಟೆಯಲ್ಲೇ ಹಲಗೆ ಹತ್ತಿ ನಿಂತೆ, ಸುತ್ತಲೂ ನೋಡಿದೆ, ನನಗೆ ಎಲ್ಲವೂ ಕಾಣುತ್ತಿತ್ತು. ಅಲ್ಲಿ ನಿಲ್ಲುವುದು ನನಗೆ ಇಷ್ಟ. ಬೇರೆ ಯಾವ ಕೆಲಸವೂ ನನಗೆ ಇಷ್ಟು ಇಷ್ಟವಿಲ್ಲ. ಯಜಮಾನರು ಹೊರಡುವಾಗ ನಿಮಗೆ ನಮಸ್ಕಾರ ತಿಳಿಸಲು ಹೇಳಿದರು, ಮಗಳು ಕೋಪಿಸಿಕೊಳ್ಳುವುದು ಥೇಟ್ ನಿಮ್ಮ ಹಾಗೆಯೇ ಎಂದೂ ಹೇಳಿದರು. ಅಮ್ಮ ಮಾತ್ರ, ಅಪ್ಪನಿಗೆ ನಾನು ಹೇಳುವುದಿಲ್ಲ, ಮಾಡಿದವಳು ನೀನು, ನೀನೇ ಬರಿ ಎಂದಳು. ಬರೆದಿದ್ದೇನೆ.

ಹನಿ ತಪ್ಪಿಸಬೇಡಿ. ಅಕ್ಕ ಹೇಳಿದ ಹಾಗೆ ಕೇಳಿ. ಭಾವನಿಗೆ ನನ್ನ ನೆನಪು ಹೇಳಿ. ನಿಮ್ಮ ಎರಡು ಕಾಲಿಗೂ ನನ್ನ ನಮಸ್ಕಾರ, ಎರಡು ಕಣ್ಣಿಗೂ ಬೇಗ ಬೆಳಕು ತುಂಬಲಿ.

ನಿಮ್ಮ
ಚಿಕ್ಕವಳು

ಬರೆಯಲು ಬಿಟ್ಟದ್ದು: ಅಂಚೆಯವನು ಪಕ್ಕದ ಮನೆಯವರೆಗೆ ಬಂದಿದ್ದಾನೆ, ಬೇಗ ಮುಗಿಸುತ್ತೇನೆ. ಬೀಗದ ಕೈಯನ್ನು ಚಿಕ್ಕಪ್ಪನಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿನ್ನೆ ಸಂಜೆ ಅದನ್ನು ತೆಗೆದುಕೊಂಡು ಹೋಗಲೆಂದೇ ಬಂದಿದ್ದರು. ದೋಣಿ ಹತ್ತಿದರು, ಹಿಂದಿನ ಹಲಗೆಯನ್ನು ಹಿಡಿದು ಅಲ್ಲಾಡಿಸಿದರು, "ಸಡಿಲ ಆಗಿದೆ, ಒಂದು ಬೋಲ್ಟು ಹಾಕಿಸ್ಕೋ, ಬಿದ್ದುಗಿದ್ದೀಯ" ಎಂದು ಹೇಳಿ ಬರಿಗೈಯಲ್ಲಿ ಹೋದರು. ಮುಂದಿನ ಶುಕ್ರವಾರ ನಿಮ್ಮನ್ನು ಬಸ್ ನಿಲ್ದಾಣದಿಂದ ಕರೆತರುವುದಕ್ಕೂ ಅವರೇ ಒಪ್ಪಿಕೊಂಡಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ ಅಪ್ಪಾ, ನನಗೆ ಬರಲಾಗುವುದಿಲ್ಲ. ರೈಲು ಯಜಮಾನರು ತಮ್ಮ ಗೆಳೆಯರಿಬ್ಬರನ್ನು ಕಳಿಸುತ್ತಿದ್ದಾರೆ, ಆ ದಿನ ನನಗೆ ಕೆಲಸವಿದೆ.